ಉಗ್ರಾಣದ ಗೋಡೆಗೆ ಅಂಟಿಸಿದ ಸಮುದ್ರದ ಕಾನೂನು

ಕಳೆದ ವಾರ ಅಮ್ಮತ್ತಿಯ ಗೊಬ್ಬರದಂಗಡಿಗೆ ಹೋಗಿದ್ದೆ. ಅಂಗಡಿಯವನು ಒಂದು ರಟ್ಟಿನ ಮೇಲೆ ದಪ್ಪ ಕಪ್ಪು ಪೆನ್ನಿನಿಂದ ‘ಸ್ಟಾಕ್ ಇಲ್ಲ’ ಎಂದು ಬರೆಯುತ್ತಿದ್ದ. ಆ ಪೆನ್ನಿನ ವಾಸನೆ ಸೀಮೆಎಣ್ಣೆಯದೂ ಅಲ್ಲ, ಸ್ಪಿರಿಟ್ಟಿನದೂ ಅಲ್ಲ, ಮೂಗಿನೊಳಗೆ ಹತ್ತಿ ಕೂತುಬಿಡುವಂಥದ್ದು. ಏನು ತರಲು ಹೋಗಿದ್ದೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಒಂದು ವರ್ಷ ಕಾಫಿ ಪಿಕ್ಕಿಂಗ್ ಕಾಲವಿಡೀ ನಮ್ಮ ಉಗ್ರಾಣದಲ್ಲಿ ಇದೇ ವಾಸನೆ ಇತ್ತು. ಗೋಣಿಚೀಲ, ಒಣಕಾಫಿ, ಇಲಿಯ ಹಿಕ್ಕೆ ನಾರಬೇಕಾದ ಕೋಣೆಯಲ್ಲಿ ನನ್ನ ಮೊಮ್ಮಗಳು ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ಸಮುದ್ರದ ಕಾನೂನು ಬರೆದು ಗೋಡೆ ತುಂಬ ಅಂಟಿಸಿದ್ದಳು.

ಕೊಡಗಿನಲ್ಲಿ ಕೂತು ಸಮುದ್ರದ ಕಾನೂನು. ನಮ್ಮಲ್ಲಿಂದ ಸಮುದ್ರಕ್ಕೆ ಹೋಗಬೇಕಾದರೆ ವಿರಾಜಪೇಟೆ ಹಾದು, ಘಾಟಿ ಇಳಿದು, ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಕಾದು, ಆಮೇಲೂ ಎಷ್ಟೋ ದೂರ ಹೋಗಬೇಕು. ಇಲ್ಲಿ ಇರುವುದು ಕಾಫಿ, ಮೆಣಸು, ಆನೆಯ ಕಾಟ. ಆದರೂ ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಎದ್ದರೆ ಹಡಗು, ಕೂತರೆ ಹಡಗು.

ನನ್ನ ಓದು ನಾಲ್ಕನೇ ಕ್ಲಾಸಿಗೆ ಮುಗಿಯಿತು. ಹತ್ತು ವರ್ಷಕ್ಕೆ ಹಣ್ಣು ಕೀಳಲು ಇಳಿದೆ. ಆಮೇಲೆ ದೊಡ್ಡ ಎಸ್ಟೇಟಿನಲ್ಲಿ ಹೆಣ್ಣಾಳುಗಳಿಗೆ ಮೇಸ್ತ್ರಿಯಾಗಿ ಇಪ್ಪತ್ತೈದು ವರ್ಷ ಬೊಬ್ಬೆ ಹೊಡೆದೆ. ಈಗ ಇರುವುದು ಸ್ವಂತದ ಮೂರು ಎಕರೆ ರೋಬಸ್ಟಾ, ಒಂದು ಕಣ, ಹೆಂಚಿನ ಮನೆ. ಗಂಡ ಹೋಗಿ ಬಹಳ ಕಾಲವಾಯಿತು, ಅದರ ಬಗ್ಗೆ ಇಲ್ಲಿ ಹೇಳುವುದೇನೂ ಇಲ್ಲ. ಒಬ್ಬಳೇ ಮಗಳು ಶಶಿಕಲ, ಮೈಸೂರಿನಲ್ಲಿ ಸ್ಕೂಲ್ ಟೀಚರ್. ಅವಳ ಗಂಡ ರಾಜೇಶ ಸರಕು ಹಡಗಿನಲ್ಲಿ ಆಫೀಸರ್. ಆಫೀಸರ್ ಅಂದರೆ ಎರಡನೆಯವನೋ ಮೂರನೆಯವನೋ. ಅವನ ಜೊತೆ ಸೇರಿದವರೆಲ್ಲ ಕ್ಯಾಪ್ಟನ್ ಆದರು, ಇವನು ಐವತ್ತಾದರೂ ಎರಡನೆಯವನಾಗಿಯೇ ಉಳಿದ. ಆದರೆ ಊರಿಗೆ ಬಂದಾಗ ನಡಿಗೆ ನೋಡಿದರೆ ಹಡಗಿನ ಧಣಿಯೇ ಅನ್ನಬೇಕು. ಸೆಂಟು ಹಾಕಿಕೊಂಡು ಕೊಟ್ಟಿಗೆಗೆ ಬರುತ್ತಿದ್ದ.

ಆ ವರ್ಷ ಹುತ್ತರಿ ಹಬ್ಬದ ವಾರದಲ್ಲಿ, ಹಡಗು ನಡೆಸುವ ಕಾವಲು ಅವನದಾಗಿದ್ದ ಹೊತ್ತಿನಲ್ಲಿ, ಕೇರಳದ ಕರಾವಳಿಯ ಹತ್ತಿರ, ಅವನ ಹಡಗು ಒಂದು ಮೀನಿನ ದೋಣಿಗೆ ಹೊಡೆಯಿತು. ಹೊಡೆಯಿತು ಅನ್ನುವುದೂ ದೊಡ್ಡ ಮಾತು, ಹಡಗಿಗೆ ಅಲುಗಿದ್ದೂ ಗೊತ್ತಾಗಲಿಲ್ಲವಂತೆ. ದೋಣಿಯಲ್ಲಿ ಐದು ಜನ ಇದ್ದರು. ಮೂವರನ್ನು ಬೇರೆ ದೋಣಿಯವರು ಎತ್ತಿಕೊಂಡರು. ಇಬ್ಬರು ಸಿಗಲಿಲ್ಲ. ಅಳಿಯನ ಸರ್ಟಿಫಿಕೇಟನ್ನು ತಡೆಹಿಡಿದು, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಅಂದರು. ಮೈಸೂರಿನ ಮನೆಯಲ್ಲಿ ಅಕ್ಕಪಕ್ಕದವರು ಕೇಳುತ್ತಾರೆ ಎಂದು ನಮ್ಮಲ್ಲಿಗೆ ಬಂದ. ಪಿಕ್ಕಿಂಗಿಗೆ ಸಹಾಯ ಮಾಡಲು ಬಂದೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದನಂತೆ. ಬಿಳಿ ಶೂ ಹಾಕಿಕೊಂಡು ಕಣಕ್ಕಿಳಿದವನನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅವನ ಹಿಂದೆಯೇ ರಶ್ಮಿ ಬಂದಳು, ಅವರ ಮಗಳು. ಅವಳು ಯೂನಿವರ್ಸಿಟಿಯಲ್ಲಿ ತರ್ಕಶಾಸ್ತ್ರ ಓದಿ ಪಿಎಚ್‌ಡಿ ಮಾಡುತ್ತಿದ್ದಳು. ತರ್ಕ ಅಂದರೆ ಜಗಳದಲ್ಲಿ ಗೆಲ್ಲುವ ವಿದ್ಯೆ ಎಂದು ನಾನು ತಿಳಿದಿದ್ದೆ. ಅದಲ್ಲವಂತೆ. ಒಂದು ಮಾತು ನಿಜವಾದರೆ ಇನ್ನೊಂದು ಮಾತು ನಿಜವಾಗಲೇಬೇಕೋ ಬೇಡವೋ ಎಂದು ನೋಡುವುದಂತೆ. ಅದಕ್ಕೆ ಹದಿನೆಂಟು ವರ್ಷ ಓದಬೇಕಂತೆ. ಅವಳ ಕೆಲಸ ಇದ್ದದ್ದು ಹೀಗೆ: ಆಳಿಲ್ಲದೆ ತಾನಾಗಿ ಹೋಗುವ ಹಡಗುಗಳನ್ನು ಎಲ್ಲೋ ಮಾಡುತ್ತಿದ್ದಾರೆ. ಆ ಹಡಗಿಗೆ ತಲೆ ಇಲ್ಲ, ಕಂಪ್ಯೂಟರ್ ಇದೆ. ಒಂದು ಹಡಗು ಇನ್ನೊಂದಕ್ಕೆ ಹೇಗೆ ದಾರಿ ಬಿಡಬೇಕು ಎಂದು ಇಡೀ ಲೋಕಕ್ಕೆ ಒಂದೇ ಕಾನೂನಿದೆ, ನಲವತ್ತು ಚಿಲ್ಲರೆ ನಿಯಮ. ಅದನ್ನು ಮನುಷ್ಯರು ಮನುಷ್ಯರಿಗಾಗಿ ಬರೆದದ್ದು. ‘ಸಾಕಷ್ಟು ಮುಂಚೆ’, ‘ತಕ್ಕಷ್ಟು ದೂರ’, ‘ಸಂದರ್ಭ ನೋಡಿಕೊಂಡು’ ಎಂಬ ಮಾತುಗಳೇ ತುಂಬ. ಕಂಪ್ಯೂಟರಿಗೆ ಸಂದರ್ಭ ಎಲ್ಲಿಂದ ಬರಬೇಕು? ಅದಕ್ಕೆ ಪ್ರತಿಯೊಂದು ನಿಯಮವನ್ನೂ ಬಿಡಿಸಿ, ಗುರುತುಗಳಲ್ಲಿ ಬರೆದು, ಒಂದಕ್ಕೊಂದು ತಾಳೆಯಾಗುತ್ತದೋ ಇಲ್ಲವೋ ನೋಡುವುದು ಇವಳ ಕೆಲಸ.

ಆ ಗುರುತುಗಳನ್ನು ನೋಡಬೇಕಿತ್ತು ನೀವು. ಇಂಗ್ಲಿಷಿನ ‘ಎ’ ಅಕ್ಷರ ತಲೆಕೆಳಗು, ‘ಇ’ ಅಕ್ಷರ ಬೆನ್ನು ತಿರುಗಿಸಿಕೊಂಡು ನಿಂತಿರುವುದು, ಬಾಣಗಳು. ತಲೆಕೆಳಗಿನದಕ್ಕೆ ‘ಎಲ್ಲ ಹಡಗೂ’ ಎಂದು ಅರ್ಥ, ಬೆನ್ನು ತಿರುಗಿಸಿದ್ದಕ್ಕೆ ‘ಒಂದಾದರೂ ಹಡಗು ಇದೆ’ ಎಂದು ಅರ್ಥ. ಮಾಡಲೇಬೇಕು ಅನ್ನುವುದಕ್ಕೆ ಒಂದು ಸೊನ್ನೆ. ಮಾಡಲೇಬೇಕಾದ್ದಕ್ಕೆ ಸೊನ್ನೆ ಹಾಕುವ ವಿದ್ಯೆಯ ಮೇಲೆ ನನಗೆ ಅವತ್ತಿನಿಂದಲೇ ಗೌರವ ಹೋಯಿತು.

ಒಂದು ದಿನ ಬೆಳಿಗ್ಗೆ ಚೀಲ ತರಲು ಉಗ್ರಾಣಕ್ಕೆ ಹೋದಾಗ ಅವಳು ನನ್ನನ್ನು ನಿಲ್ಲಿಸಿಕೊಂಡು ವಿವರಿಸಿದಳು.

“ಎದುರೆದುರು ಬಂದ್ರೆ ಎರಡೂ ಬಲಕ್ಕೆ ತಿರುಗ್ಬೇಕು ಅಜ್ಜಿ. ಅಡ್ಡ ಬಂದ್ರೆ, ಯಾವುದರ ಬಲಗಡೆ ಇನ್ನೊಂದು ಇದೆಯೋ ಅದು ದಾರಿ ಬಿಡ್ಬೇಕು. ಇನ್ನೊಂದು ಹಂಗೇ ನೆಟ್ಟಗೆ ಹೋಗ್ಬೇಕು, ಆ ಕಡೆ ಈ ಕಡೆ ಅಲ್ಲಾಡ್ಬಾರ್ದು.”

“ಇದನ್ನ ನಮ್ಮ ಲೈನ್‌ಮನೆಯ ಆಳು ಹೆಂಗಸರಿಗೆ ಯಾರೂ ಕಲಿಸಿಲ್ಲ. ಹೊರೆ ಹೊತ್ಕೊಂಡು ದಿನಾ ಹೋಗ್ತಾರೆ ಬರ್ತಾರೆ.”

ತೋಟದ ಕಾಲುದಾರಿ ಒಬ್ಬರಿಗೇ ಸಾಲುವಷ್ಟು ಅಗಲ. ಹಣ್ಣಿನ ಚೀಲ ತಲೆ ಮೇಲಿದ್ದವಳು ನಿಲ್ಲುವುದಿಲ್ಲ, ಕೈ ಬೀಸಿಕೊಂಡು ಬರುವವಳು ಪಕ್ಕಕ್ಕೆ ಹತ್ತಬೇಕು. ಅದೂ ಮೇಲಿನ ಬದಿಗೆ. ಕೆಳಗಿನ ಬದಿಗೆ ನಿಂತರೆ ಹೊರೆ ಜಾರಿದಾಗ ಅವಳ ಮೇಲೇ ಬೀಳುತ್ತದೆ. ಇಬ್ಬರಿಗೂ ಹೊರೆ ಇದ್ದರೆ, ಹೊರೆಯಡಿಯಲ್ಲಿ ತಲೆ ಎತ್ತಲಾಗದವಳಿಗೆ ದಾರಿ, ಕಣ್ಣಿಗೆ ಮೊದಲು ಕಂಡವಳು ಕೂಗು ಹಾಕಬೇಕು. ಇಷ್ಟೇ. ಇದನ್ನು ನಾನು ಹೇಳಿದಾಗ ರಶ್ಮಿ ಪುಸ್ತಕ ತೆಗೆದು ಬರೆದುಕೊಂಡಳು.

“ಇಬ್ರೂ ನೋಡ್ದೇ ಇದ್ರೆ?” ಎಂದು ಕೇಳಿದಳು.

“ಇಬ್ರೂ ಬೀಳ್ತಾರೆ. ಇಬ್ರಿಗೂ ನನ್ನ ಹತ್ರ ಬೈಗುಳ.”

ಅದನ್ನೂ ಬರೆದುಕೊಂಡಳು. ಎರಡನೆಯ ನಿಯಮ ಒಂದು ಅವಳಿಗೆ ತಲೆನೋವಾಗಿತ್ತು. ಹಡಗು ನಡೆಸುವವನಿಗೆ ರೂಢಿಯಿಂದ ಬರಬೇಕಾದ ಎಚ್ಚರ ತಪ್ಪಿದರೆ ಉಳಿದ ಯಾವ ನಿಯಮವೂ ಅವನನ್ನು ಕಾಯುವುದಿಲ್ಲ ಎಂದು ಅದರಲ್ಲಿ ಇದೆಯಂತೆ. ರೂಢಿಯ ಎಚ್ಚರಕ್ಕೆ ಯಾವ ಗುರುತು ಹಾಕುವುದು? ಆ ಕ್ಯಾಲೆಂಡರ್ ಹಾಳೆ ಖಾಲಿಯಾಗಿಯೇ ಗೋಡೆಯಲ್ಲಿ ನೇತಾಡುತ್ತಿತ್ತು.

ಡಿಸೆಂಬರ್ ಹೀಗೆ ಹೋಯಿತು. ಬೆಳಿಗ್ಗೆ ಮಂಜು, ಮಧ್ಯಾಹ್ನ ಕಣ್ಣು ಕುಕ್ಕುವ ಬಿಸಿಲು, ಸಂಜೆ ಮತ್ತೆ ಚಳಿ. ಜನವರಿಯಲ್ಲಿ ರೋಬಸ್ಟಾ ಹಣ್ಣಾಯಿತು. ಆಳುಗಳು ಬಂದರು, ಕಣದ ತುಂಬ ಕೆಂಪು ಹರಡಿತು, ನಾಲ್ಕು ದಿನಕ್ಕೆ ಅದು ಕಂದಾಗಿ ಹುಳಿವಾಸನೆ ಎದ್ದಿತು. ಅಳಿಯನಿಗೆ ಉದ್ದ ಹಿಡಿಯ ಹಲಗೆ ಕೊಟ್ಟು ಕಾಫಿ ಎಳೆಯಲು ಬಿಟ್ಟೆ. ಗಂಟೆಗೊಮ್ಮೆ ಎಳೆದು ಮಗುಚದಿದ್ದರೆ ಅಡಿಯದು ಬೂಸ್ಟು ಹಿಡಿಯುತ್ತದೆ. ಅವನು ಅಂಚಿನಲ್ಲಿ ಎಳೆದು ನಡುವಿನದನ್ನು ಹಾಗೇ ಬಿಡುತ್ತಿದ್ದ. ಕೇಳಿದರೆ ಎಲ್ಲ ಎಳೆದೆ ಎನ್ನುತ್ತಿದ್ದ. ನಾನು ಕಾಲಿನಿಂದ ನಡುವಿನದನ್ನು ಕೆದಕಿ ತೋರಿಸುತ್ತಿದ್ದೆ.

ರಶ್ಮಿ ಇಷ್ಟರಲ್ಲಿ ತನ್ನ ಕಾನೂನಿಗೆ ಅಪ್ಪನ ಕೇಸನ್ನು ಸೇರಿಸಿದ್ದಳು. ಅವನ ವಕೀಲ ಫೋನಿನಲ್ಲಿ ಹೇಳಿದ್ದನಂತೆ, ಯೂನಿವರ್ಸಿಟಿಯವರ ಕೈಯಿಂದ ಒಂದು ವರದಿ ಬಂದರೆ ವಿಚಾರಣೆಯಲ್ಲಿ ತೂಕ ಬರುತ್ತದೆ ಎಂದು. ಅಪ್ಪನ ತಪ್ಪಿಲ್ಲ ಎಂದು ಲೆಕ್ಕದಂತೆ ಸಾಧಿಸಿ ತೋರಿಸುತ್ತೇನೆ ಎಂದು ಇವಳು ಹೊರಟಳು. ಅವನ ಹೇಳಿಕೆ ನಾಲ್ಕು ಮಾತಿನದು. ದೋಣಿ ಮೂರು ಮೈಲಿ ದೂರದಲ್ಲಿದ್ದಾಗಲೇ ಎಡಗಡೆ ಕಂಡಿತು. ಆಮೇಲೆ ಕಣ್ಣು ಕೀಳಲಿಲ್ಲ. ಅದು ಮೊದಲು ಕಂಡ ದಿಕ್ಕಿನಲ್ಲೇ ಕಾಣುತ್ತಾ ನೆಟ್ಟಗೆ ಬರುತ್ತಿತ್ತು. ಕೊನೆಯ ನಿಮಿಷದವರೆಗೆ ಅಪಾಯ ಅನ್ನಿಸಲಿಲ್ಲ, ಹಾಗಾಗಿ ಹಾರನ್ ಹೊಡೆಯಲಿಲ್ಲ. ದೋಣಿಗೆ ಹಡಗು ಬಲಗಡೆ ಕಾಣುತ್ತಿತ್ತು, ಆದ್ದರಿಂದ ದಾರಿ ಬಿಡಬೇಕಾದ್ದು ದೋಣಿ, ನೆಟ್ಟಗೆ ಹೋಗಬೇಕಾದ್ದು ತಾನು. ಕೇಳಿದರೆ ಚೆನ್ನಾಗಿಯೇ ಇದೆ. ಹಡಗಿನ ಮಾತುಕತೆ ಹಿಡಿದಿಡುವ ಪೆಟ್ಟಿಗೆಯೊಂದು ಇರುತ್ತದಂತೆ, ಅದರಲ್ಲಿ ಉಳಿಸುವ ಗುಂಡಿಯನ್ನು ಯಾರೂ ಒತ್ತದೆ ಅವತ್ತಿನದು ಅಳಿಸಿಹೋಗಿತ್ತು. ಅದಕ್ಕೇ ಅವನ ಮಾತೇ ಸಾಕ್ಷಿ.

ಈ ನಾಲ್ಕು ಮಾತನ್ನು ನಿಯಮಗಳ ಜೊತೆ ಸೇರಿಸಿ ಕಂಪ್ಯೂಟರಿಗೆ ಕೊಟ್ಟರೆ ಅದು ‘ಹೊಂದುವುದಿಲ್ಲ’ ಎಂದಿತು. ಯಾಕೆ ಎಂದು ರಶ್ಮಿ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ತೋರಿಸಿದಳು. ನೀನೂ ಹೋಗುತ್ತಿದ್ದೀಯ, ಅದೂ ಬರುತ್ತಿದೆ, ಆದರೂ ಅದು ನಿನ್ನ ಕಿಟಕಿಯ ಒಂದೇ ಸರಳಿನ ನೇರಕ್ಕೆ ಕಾಣುತ್ತಾ ದೊಡ್ಡದಾಗುತ್ತಿದೆ ಅಂದರೆ ಅದು ನಿನಗೇ ಬಂದು ಬಡಿಯುತ್ತದೆ. ಹಾಗೆ ಕಂಡರೆ ಅಪಾಯ ಇದೆ ಎಂದೇ ತಿಳಿಯಬೇಕು ಎಂದು ನಿಯಮ. ನೋಡುತ್ತಲೇ ಇದ್ದವನಿಗೆ ಅಪಾಯ ಗೊತ್ತಾಗಲೇಬೇಕು. ಗೊತ್ತಾದವನು ಹಾರನ್ ಹೊಡೆಯಲೇಬೇಕು. ಇವನು ನೋಡುತ್ತಲೇ ಇದ್ದ, ಆದರೂ ಗೊತ್ತಾಗಲಿಲ್ಲ ಎನ್ನುತ್ತಾನೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ.

“ಹಂಗಾದ್ರೆ ನಿಯಮ ಬರೆಯೋದ್ರಲ್ಲಿ ನಾನೇ ಎಲ್ಲೋ ತಪ್ಪಿದೀನಿ,” ಎಂದಳು ರಶ್ಮಿ.

ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

ಆಮೇಲೆ ಮೂರು ವಾರ ಅವಳು ತಪ್ಪು ಹುಡುಕಿದಳು. ಗೋಡೆಯಿಂದ ಹಾಳೆ ಕಿತ್ತು ಬೇರೆ ಬರೆದಳು. ಊಟಕ್ಕೆ ಕರೆದರೆ ಅನ್ನ ಕಲಸಿಟ್ಟು ಗೋಡೆ ನೋಡುತ್ತಿದ್ದಳು. ಮಧ್ಯೆ ಒಂದು ದಿನ ಅವಳಿಗೆ ಏನೋ ಸಿಕ್ಕಿತು. ಕುಣಿದುಕೊಂಡು ಕಣಕ್ಕೆ ಬಂದು, ನನ್ನನ್ನೂ ಅವಳಪ್ಪನನ್ನೂ ಹಡಗು ಮಾಡಿ ಕಾಫಿಯ ನಡುವೆ ನಿಲ್ಲಿಸಿದಳು. ತಾನು ನಡುವಿನ ಹಡಗು. ನಾನು ಅವಳ ಬಲದಿಂದ ಬರಬೇಕು, ಅವಳಪ್ಪ ಎಡದಿಂದ. ನನಗೆ ಅವಳು ದಾರಿ ಬಿಡಬೇಕು, ಅಂದರೆ ತಿರುಗಬೇಕು. ಅವಳಿಗೆ ಅವಳಪ್ಪ ದಾರಿ ಬಿಡಬೇಕು, ಅಂದರೆ ಅವಳು ನೆಟ್ಟಗೆ ಹೋಗಬೇಕು. ಒಂದೇ ಹೊತ್ತಿನಲ್ಲಿ ತಿರುಗಬೇಕು, ತಿರುಗಬಾರದು. ಕಾನೂನಿನ ಒಳಗೇ ಬಿರುಕಿದೆ ಎಂದಳು. ಅಳಿಯನ ಮುಖ ಎಷ್ಟೋ ದಿನದ ಮೇಲೆ ಅರಳಿತು. ನನಗೆ ಎಷ್ಟು ಹೆಜ್ಜೆ, ಯಾವ ಕೋನ ಎಂದು ಪಾಠ ಹೇಳತೊಡಗಿದ.

ನಾನು ನಡೆಯುತ್ತಿದ್ದವಳು ಅಲ್ಲೇ ನಿಂತೆ.

“ನಿಲ್ಲಂಗಿಲ್ಲ ಅತ್ತೆ. ನೀವು ಸ್ಪೀಡ್ ಬದಲಾಯಿಸಿದ್ರೆ ಅದೂ ತಪ್ಪೇ,” ಎಂದ ಅಳಿಯ.

“ನಿಂತ್ಕೊಂಡು ತಪ್ಪು ಮಾಡಿದ್ರೆ ಯಾರೂ ಸಾಯಲ್ಲ,” ಎಂದೆ.

ಅವನು ಹಲಗೆ ತೆಗೆದುಕೊಂಡು ಕಣದ ಆ ತುದಿಗೆ ಹೋದ. ಅವತ್ತು ನಡುವಿನದನ್ನೂ ಎಳೆದ.

ಮಂಗಳವಾರ, ಶುಕ್ರವಾರ ನಮ್ಮಲ್ಲಿಗೆ ಮೀನು ತರುವವನು ಮೊಯ್ದು. ಕರಾವಳಿಯಿಂದ ಘಾಟಿ ಹತ್ತಿ ಬರುವ ಲಾರಿಯಿಂದ ಮೀನು ಇಳಿಸಿಕೊಂಡು ಸ್ಕೂಟರಿನಲ್ಲಿ ಮನೆಮನೆಗೆ ಬರುತ್ತಾನೆ. ಹುಡುಗನಾಗಿದ್ದಾಗ ದೋಣಿಗೆ ಹೋಗಿದ್ದವನು, ಆಮೇಲೆ ಸೊಂಟ ಹೋಯಿತೆಂದು ಮಾರಾಟಕ್ಕಿಳಿದ. ಒಂದು ಶುಕ್ರವಾರ ರಶ್ಮಿ ಅವನನ್ನು ಹಿಡಿದುಕೊಂಡಳು. ಬಲೆ ಬಿಟ್ಟ ದೋಣಿಗೆ ಬೇಗ ತಿರುಗಲು ಆಗುವುದಿಲ್ಲ, ಹಾಗಾಗಿ ಹಡಗೇ ಅದಕ್ಕೆ ದಾರಿ ಬಿಡಬೇಕು ಎಂದು ಇನ್ನೊಂದು ನಿಯಮವಿತ್ತು. ಆದರೆ ದೋಣಿಯವರು ಹಗಲಲ್ಲಿ ಡಮರುವಿನ ಆಕಾರದ ಒಂದು ಕಪ್ಪು ಗುರುತನ್ನು ಮೇಲಕ್ಕೆ ಏರಿಸಬೇಕಂತೆ. ಬದುಕುಳಿದ ಮೂವರು ಬಲೆ ನೀರಿನಲ್ಲಿತ್ತು ಎಂದಿದ್ದರು. ಡಮರು ಕಾಣಲಿಲ್ಲ, ಬಲೆಯೂ ಕಾಣಲಿಲ್ಲ ಎಂದು ಅಳಿಯ ಹೇಳಿದ್ದ.

ಮೊಯ್ದು ಮತ್ತಿ ಮೀನು ತೂಗುತ್ತಾ ನಕ್ಕ. “ಆ ಕಪ್ಪು ಬುಟ್ಟಿ ಯಾರು ಕಟ್ಟುದು ಮೋಳೆ? ನಾನು ಜನ್ಮದಲ್ಲಿ ಕಟ್ಟಿದ್ದಿಲ್ಲ. ಆದ್ರೆ ಬಲೆಗೆ ಬಿಳಿ ಬೆಂಡು ಉಂಟಲ್ಲ, ಉದ್ದಕ್ಕೆ, ಮಾಲೆ ಹಾಗೆ. ಮಧ್ಯಾಹ್ನದ ಬಿಸಿಲಿಗೆ ಅದು ಹೊಳಿತದೆ. ನೋಡಿದವನಿಗೆ ಕಾಣದೆ ಇರುದಿಲ್ಲ.”

ಅಳಿಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದ. ಪೇಪರ್ ಮಡಚಿ ಒಳಗೆ ಹೋದ. ಮೊಯ್ದುವಿಗೆ ಇವನು ಯಾರೆಂದು ಗೊತ್ತಿರಲಿಲ್ಲ, ನನಗೆ ಅರ್ಧ ಕಿಲೋ ಹೆಚ್ಚಿಗೆ ಹಾಕಿ ಹೋದ.

ಫೆಬ್ರವರಿಯ ಮೊದಲ ವಾರ ವಿಚಾರಣೆಯ ದಿನ ಗೊತ್ತಾಯಿತು. ರಶ್ಮಿ ಸೋತು ಒಂದು ತೀರ್ಮಾನಕ್ಕೆ ಬಂದಿದ್ದಳು. ನಿಯಮಗಳೇ ಒಂದಕ್ಕೊಂದು ಹೊಂದುವುದಿಲ್ಲ, ಹೊಂದದ ಕಾನೂನಿನಿಂದ ಯಾರನ್ನೂ ತಪ್ಪಿತಸ್ಥ ಅನ್ನಲಾಗದು ಎಂದು ವರದಿ ಬರೆಯುತ್ತೇನೆ ಎಂದಳು. ವಕೀಲನಿಗೆ ಬಹಳ ಖುಷಿಯಾಗಿತ್ತು. ಅದೇ ವರದಿ ಅವಳ ಪಿಎಚ್‌ಡಿಗೂ ಹೋಗುತ್ತದೆ, ಅವಳ ಹೆಸರಿನಲ್ಲಿ ಪುಸ್ತಕದಲ್ಲೂ ಬರುತ್ತದೆ. ಆದರೆ ಹೇಳುವಾಗ ಅವಳ ದನಿಯಲ್ಲಿ ಖುಷಿ ಇರಲಿಲ್ಲ. ಮೂರು ಹಡಗಿನ ಬಿರುಕು ಬೇರೆ, ಅಪ್ಪನ ಕೇಸಿನಲ್ಲಿ ಇದ್ದದ್ದು ಎರಡೇ ಹಡಗು ಎಂಬುದು ನನಗೇ ತಿಳಿದಿತ್ತು. ಅವಳಿಗೆ ತಿಳಿಯದೆ ಇರುತ್ತದೆಯೇ?

ಅವತ್ತು ಮಧ್ಯಾಹ್ನ ಮೋಡ ಕಟ್ಟಿತು. ಕಾಲವಲ್ಲದ ಕಾಲದ ಮೋಡ. ಕಣದ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಿ ಬಂದು ಉಗ್ರಾಣದ ಬಾಗಿಲಲ್ಲಿ ಕೂತೆ. ಅವಳು ಲ್ಯಾಪ್‌ಟಾಪಿನ ಮುಂದೆ ಕಲ್ಲಿನ ಹಾಗೆ ಕೂತಿದ್ದಳು. ಇಪ್ಪತ್ತೈದು ವರ್ಷ ಮೇಸ್ತ್ರಿಯಾಗಿದ್ದವಳು ನಾನು. ಸಾಲು ಮುಗಿಸಿದೆ ಎಂದು ಬಂದವಳ ಮಾತಿಗೂ ಗಿಡದ ಮೇಲೆ ಉಳಿದ ಹಣ್ಣಿಗೂ ಹೊಂದದಿದ್ದರೆ ಯಾರೂ ಗಿಡವನ್ನು ಬೈಯುವುದಿಲ್ಲ.

“ನಿಯಮ ಎಲ್ಲ ಹಂಗೇ ಬಿಡು,” ಎಂದೆ. “ನಿಮ್ಮಪ್ಪ ಹೇಳಿದ್ದು ತೆಗೆದು ನೋಡು.”

“ಅದನ್ನ ತೆಗೆದ್ರೆ ಏನುಳಿಯುತ್ತೆ ಅಜ್ಜಿ?”

“ಏನುಳಿಯುತ್ತೋ ಅದನ್ನೇ ನೋಡು ಅಂದೆ.”

ಅವಳು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ‘ನೋಡಿದ’ ಎಂಬುದೊಂದನ್ನು ತೆಗೆದಳು. ಕಂಪ್ಯೂಟರ್ ಒಪ್ಪಿತು. ನೋಡಲಿಲ್ಲ, ಹಾಗಾಗಿ ಅಪಾಯ ಗೊತ್ತಾಗಲಿಲ್ಲ, ಹಾಗಾಗಿ ಹಾರನ್ ಇಲ್ಲ, ಬಲೆ ಇದ್ದರೂ ಕಾಣಲಿಲ್ಲ. ನಲವತ್ತು ಚಿಲ್ಲರೆ ನಿಯಮ ಸದ್ದಿಲ್ಲದೆ ತಮ್ಮ ತಮ್ಮ ಜಾಗದಲ್ಲಿ ಕೂತವು. ದೋಣಿಯವರು ಹೇಳಿದ್ದೂ ಕೂತಿತು. ಮೊದಲಿಗೆ ಮುರಿದದ್ದು ಐದನೆಯ ನಿಯಮ, ಎರಡು ಸಾಲಿನದು. ಪ್ರತಿಯೊಂದು ಹಡಗೂ ಯಾವಾಗಲೂ ಕಣ್ಣಿನಿಂದ, ಕಿವಿಯಿಂದ, ಇರುವ ಎಲ್ಲ ಸಾಧನದಿಂದ ನೋಡುತ್ತಿರಬೇಕು. ಉಳಿದವೆಲ್ಲ ಅದರ ಹಿಂದೆ ಮುರಿದು ಬಿದ್ದವು.

ಆಗ ನಾನು ಎರಡು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಉಗುಳಿದೆ. ಹುತ್ತರಿಯ ಆ ವಾರ ರಶ್ಮಿ ಹಬ್ಬಕ್ಕೆಂದು ಬಂದು ನಮ್ಮ ಮನೆಯಲ್ಲಿಯೇ ಇದ್ದಳು. ದೋಣಿ ಒಡೆದ ದಿನವೇ ಅವಳಪ್ಪ ವಿಡಿಯೋ ಕಾಲ್ ಮಾಡಿದ್ದ. ಹಡಗು ದಡದ ಹತ್ತಿರ ಬಂದಿದೆ, ಟವರ್ ಸಿಕ್ಕಿತು ಎಂದ. ಅವಳು ಫೋನನ್ನು ನನ್ನ ಕಡೆಗೂ ತಿರುಗಿಸಿದಳು. ನಾವು ಊಟ ಮುಗಿಸಿ ಜಗಲಿಯಲ್ಲಿದ್ದೆವು. ಎರಡೂವರೆಯ ಬಸ್ಸು ನಮ್ಮ ತಿರುವಿನಲ್ಲಿ ಹಾರನ್ ಹೊಡೆದದ್ದು ಅವನಿಗೆ ಕೇಳಿ, ಆ ಬಸ್ಸು ಇನ್ನೂ ಓಡುತ್ತಿದೆಯಾ ಎಂದು ನಕ್ಕ. ಫೋನಿನಲ್ಲಿ ಅವನ ಮುಖ, ಮುಖದ ಹಿಂದೆ ದೊಡ್ಡ ಗಾಜು, ಗಾಜಿನಾಚೆ ಸಮುದ್ರ. ಅಂದರೆ ಅವನು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದ. ಹನ್ನೆರಡರಿಂದ ನಾಲ್ಕರವರೆಗೆ ಅವನ ಕಾವಲು. ದೋಣಿ ಒಡೆದದ್ದು ಎರಡು ಮುಕ್ಕಾಲಿಗೆ. ಫೋನು ಮಾಡಿದ್ದು ಕಾವಲಿಗೆ ಹೋಗುವ ಮುಂಚೆ ಎಂದು ಅವನು ಎಲ್ಲರಿಗೂ ಹೇಳಿಕೊಂಡಿದ್ದ.

ಫೋನಿನಲ್ಲಿ ಕರೆ ಬಂದ ಹೊತ್ತು ಇರುತ್ತದಂತೆ. ಅದನ್ನು ನೋಡಿರಲಿಲ್ಲ ಎಂದಳು ರಶ್ಮಿ. ನಾನು ನಂಬಲಿಲ್ಲ, ನಂಬಲಿಲ್ಲ ಎಂದು ಹೇಳಲೂ ಇಲ್ಲ. ನನ್ನದೇನು ಹೆಚ್ಚು? ಬೇರೆಯವರ ಸುಳ್ಳನ್ನು ಸಂಜೆಯೊಳಗೆ ಹಿಡಿಯುತ್ತಿದ್ದವಳು, ಮಗಳ ಸಂಸಾರ ಎಂದು ಈ ಸುಳ್ಳಿಗೆ ಎರಡು ತಿಂಗಳು ಅನ್ನ ಹಾಕಿದ್ದೆ.

ಮೋಡ ಚದುರಿ ಬಿಸಿಲು ಬಂದಿತ್ತು. ಅಳಿಯ ಟಾರ್ಪಾಲು ತೆಗೆದು ಕಾಫಿ ಹರಡುತ್ತಿದ್ದ. ಅವಳು ಹೋಗಿ ಅವನ ಎದುರು ನಿಂತಳು. ನಾನು ಹಿಂದೆ ಹೋದೆ.

“ಅವತ್ತು ನನ್ನ ಹತ್ರ ಮಾತಾಡುವಾಗ ನೀನು ಡ್ಯೂಟಿಲಿದ್ದೆ ಅಲ್ವಾ ಅಪ್ಪ?”

“ಟೈಮ್ ಸರಿಯಾಗಿ ನೆನಪಿಲ್ಲ ಮರಿ.”

“ಎರಡೂವರೆ ಬಸ್ಸಿನ ಹಾರನ್ ಕೇಳಿ ನೀವೇ ನಕ್ಕಿದ್ರಿ,” ಎಂದೆ ನಾನು.

ಅವನು ಹಲಗೆ ಎಳೆಯುತ್ತಲೇ ಇದ್ದ. ವರದಿಯೊಂದು ಕೈಗೆ ಬಂದರೆ ಸಾಕು, ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಎಂದು ವಕೀಲ ಹೇಳಿದ್ದಾನೆ ಎಂದ. ಸರ್ಟಿಫಿಕೇಟ್ ಹೋದರೆ ಈ ವಯಸ್ಸಿನಲ್ಲಿ ಬೇರೆ ಏನು ಮಾಡಲಿ ಎಂದ. ಅವಳ ಓದು, ಅವಳಮ್ಮನ ಮನೆ ಎಲ್ಲವನ್ನೂ ಎಳೆದು ತಂದ.

“ಅದರ ಕೆಳಗೆ ನನ್ನ ಹೆಸರಿರುತ್ತೆ ಅಪ್ಪ,” ಎಂದಳು ರಶ್ಮಿ.

ಹಲಗೆ ನಿಂತಿತು. “ಹನ್ನೆರಡು ನಿಮಿಷ ಅಷ್ಟೇ ಅತ್ತೆ,” ಎಂದು ನನ್ನ ಕಡೆ ತಿರುಗಿದ. “ಇಷ್ಟು ವರ್ಷದ ಸರ್ವೀಸಲ್ಲಿ ಹನ್ನೆರಡೇ ನಿಮಿಷ.”

“ಆ ಇಬ್ಬರಿಗೆ ಅಷ್ಟೇ ಸಾಕಾಯ್ತು.”

ಅವನು ಕಣದ ಕಟ್ಟೆಯ ಮೇಲೆ ಕೂತ. ಅತ್ತನೋ ಇಲ್ಲವೋ ನಾನು ನೋಡಲಿಲ್ಲ. ಕಾಫಿ ಅರ್ಧ ಹರಡಿತ್ತು, ಬಿಸಿಲು ಹೋಗುತ್ತಿತ್ತು, ಉಳಿದದ್ದನ್ನು ನಾನೂ ರಶ್ಮಿಯೂ ಎಳೆದೆವು. ರಶ್ಮಿ ಮಾತ್ರ ಒಂದು ಮಾತು ಅಂದಳು, ಅವತ್ತು ತಾನು ಅಪ್ಪನ ಫೋನನ್ನು ಎತ್ತದೇ ಇದ್ದಿದ್ದರೆ ಎಂದು. ಅದಕ್ಕೆ ಅವಳಿಗೆ ಬೈದೆ. ಫೋನು ಎತ್ತಿದವಳು ಹಡಗಿನಲ್ಲಿರಲಿಲ್ಲ.

ಭಾನುವಾರ ಬಂದ ಶಶಿ ನನ್ನ ಮೇಲೆ ಹರಿಹಾಯ್ದಳು. ಗಂಡನ ಮೇಲಲ್ಲ, ನನ್ನ ಮೇಲೆ. ಸುಮ್ಮನಿರಬಹುದಿತ್ತು, ಬಸ್ಸಿನ ಹಾರನ್ ಯಾರು ಕೇಳಿದ್ದರು, ಹೆತ್ತ ಮಗಳ ಮನೆ ಮುರಿದೆ ಎಂದಳು. ಎರಡು ಮನೆ ಮೊದಲೇ ಮುರಿದಿವೆ, ಅವರ ಮಕ್ಕಳು ಯಾರ ಹತ್ತಿರ ಬೊಬ್ಬೆ ಹಾಕಬೇಕು ಎಂದು ಕೇಳಿದೆ. ಸಂಜೆಯ ಬಸ್ಸಿಗೆ ಹೋದವಳು ಯುಗಾದಿಯವರೆಗೆ ಫೋನು ಮಾಡಲಿಲ್ಲ.

ರಶ್ಮಿ ಆ ವರದಿ ಬರೆಯಲಿಲ್ಲ. ಮೂರು ಹಡಗಿನ ಬಿರುಕಿನ ಬಗ್ಗೆ ಬೇರೆಯೇ ಬರೆದಳು, ಅದನ್ನು ಅವಳ ಗುರುಗಳು ಮೆಚ್ಚಿದರಂತೆ. ಎರಡನೆಯ ನಿಯಮಕ್ಕೆ ಗುರುತು ಸಿಗಲಿಲ್ಲ ಎಂದು ಅದರಲ್ಲೇ ಒಪ್ಪಿಕೊಂಡಿದ್ದಾಳಂತೆ. ಅಳಿಯ ವಿಚಾರಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸರ್ಟಿಫಿಕೇಟ್ ಹೋಯಿತು. ಈಗ ಮೈಸೂರಿನಲ್ಲಿ ಒಂದು ಗೋದಾಮು ನೋಡಿಕೊಳ್ಳುತ್ತಾನೆ. ನೆಂಟರು ಬಂದಾಗ, ಏನೇ ಆಗಲಿ ಕೊನೆಗೆ ಸತ್ಯ ಹೇಳಿದನಲ್ಲ, ದೊಡ್ಡ ಮನಸ್ಸು ಎನ್ನುತ್ತಾರೆ. ಒಂದು ಕಡೆ ಮಗಳು, ಇನ್ನೊಂದು ಕಡೆ ಅತ್ತೆ ಅಡ್ಡ ನಿಂತ ಮೇಲೆ ಅವನಿಗೆ ತಿರುಗಲು ಬೇರೆ ದಿಕ್ಕೇ ಇರಲಿಲ್ಲ. ಇದರಲ್ಲಿ ಮನಸ್ಸಿನ ಮಾತೆಲ್ಲಿ ಬಂತು?

ಆ ವರ್ಷದ ಮಾರ್ಚಿನಲ್ಲಿ, ಕಾಫಿ ಹೂವಿನ ಮಳೆ ಬಿದ್ದ ಮಾರನೆಯ ದಿನ, ವಿಚಾರಣೆಯವರು ನನ್ನನ್ನೂ ಫೋನಿನಲ್ಲಿ ಕೇಳಿದರು. ರಶ್ಮಿಯೇ ಫೋನು ಹಿಡಿದುಕೊಂಡಿದ್ದಳು. ಆ ಕಡೆಯಿಂದ ಕನ್ನಡ ಬರುವ ಒಬ್ಬ ಹೆಂಗಸು, ಮರ್ಯಾದೆಯಿಂದ ಮಾತಾಡಿದಳು. ಕರೆ ಎಷ್ಟು ಹೊತ್ತಿಗೆ ಬಂತು, ಬಸ್ಸು ಯಾವುದು, ನಿಮ್ಮ ಅಳಿಯ ನಿಂತಿದ್ದರೋ ಕೂತಿದ್ದರೋ ಎಂದೆಲ್ಲ ಕೇಳಿದಳು. ಎಲ್ಲದಕ್ಕೂ ಸರಿಯಾಗಿ ಹೇಳಿದೆ. ಹಿಂದೆ ಸಮುದ್ರ ಕಾಣುತ್ತಿತ್ತೇ ಎಂದು ಕೇಳಿದಳು. ಕಾಣುತ್ತಿತ್ತು ಎಂದೆ.

“ಅದರಲ್ಲಿ ದೋಣಿ ಏನಾದ್ರೂ ಕಂಡಿತಾ ಅಮ್ಮ?”

ಅವನ ಬೆನ್ನಿಗಿದ್ದ ಸಮುದ್ರ ಅಷ್ಟು ಹೊತ್ತೂ ನನ್ನ ಕಣ್ಣೆದುರಿಗಿತ್ತು. ನಾನು ನೋಡುತ್ತಿದ್ದದ್ದು ಅವನ ಹೊಸ ಕನ್ನಡಕವನ್ನು, ಎಷ್ಟು ಕೊಟ್ಟಿರಬಹುದು ಎಂದು. ಗಾಜಿತ್ತು, ಗಾಜಿನಾಚೆ ನೀರಿತ್ತು, ನೀರಿನ ಮೇಲೆ ಏನಿತ್ತೋ ನನಗೆ ಗೊತ್ತಿಲ್ಲ.

“ನೋಡ್ಲಿಲ್ಲ ಅಂತ ಬರ್ಕೊಳ್ಳಿ,” ಎಂದೆ. ಬರೆದುಕೊಂಡಳು.